ಕೇಪಿನ ಕೋವಿ ಕಿಟ್: ಎರಡು ತಿಂಗಳ ಕೈಕೆಲಸ, ಅದಕ್ಕೂ ಮುಂಚೆ ಕಾನೂನಿನ ಓದು

ಪಾರ್ಸೆಲ್ ತಂದವನು ಬಾಗಿಲ ಮುಂದೆ ಇಟ್ಟು, ಗಂಟೆ ಒತ್ತಿ ಹೋಗಿಬಿಟ್ಟ. ಉದ್ದನೆಯ ರಟ್ಟಿನ ಪೆಟ್ಟಿಗೆ, ಎತ್ತಿದರೆ ಒಂದೇ ಕಡೆ ಭಾರ. ಒಳಗೆ ಎಂಟು ಮುಖದ ಉಕ್ಕಿನ ನಳಿಗೆ, ಎರಡು ತುಂಡು ಬೀಚ್ ಮರ, ಮರಳಿನ ಅಚ್ಚಿನ ಗುರುತು ಹಾಗೇ ಇದ್ದ ಹಿತ್ತಾಳೆ ಭಾಗಗಳು, ಒಂದು ಪುಟ್ಟ ಚೀಲದ ತುಂಬ ಸ್ಕ್ರೂ. ಇಷ್ಟನ್ನೂ ಸೇರಿಸಿದರೆ ಒಂದು ಕೇಪಿನ ಕೋವಿ. ಬಾಯಿಯಿಂದ ಮದ್ದು ಹಾಕಿ, ಗುಂಡು ಇಟ್ಟು, ಗಜ ಅನ್ನುವ ಉದ್ದ ಕೋಲಿನಿಂದ ಜಡಿದು, ಕೇಪು ಅನ್ನುವ ಪುಟ್ಟ ಸಿಡಿಮದ್ದಿನ ಟೋಪಿಯಿಂದ ಕಿಡಿ ಹೊತ್ತಿಸಿ ಹಾರಿಸುವ ಹಳೇ ಪದ್ಧತಿಯ ಬಂದೂಕು.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಹ್ಯಾರಿಸ್‌ಬರ್ಗ್ ಹತ್ತಿರ. ಈ ಕಿಟ್ ತರಿಸಿ, ಕಟ್ಟಿ, ಹಾರಿಸಿ ಈಗ ಹತ್ತಿರ ಒಂದು ವರ್ಷವಾಯಿತು. ಇಲ್ಲಿರುವ ಕನ್ನಡದ ಗೆಳೆಯರು ತುಂಬ ಜನ ಇದರ ಬಗ್ಗೆ ಕೇಳುತ್ತಾರೆ. ಅರ್ಧ ಜನಕ್ಕೆ ಮರಗೆಲಸದ ಆಸೆ, ಇನ್ನರ್ಧ ಜನಕ್ಕೆ ಇದು ಕಾನೂನಿಗೆ ಸರಿಯಾ ಅನ್ನುವ ಅನುಮಾನ. ಎರಡಕ್ಕೂ ಒಟ್ಟಿಗೆ ಉತ್ತರ ಬರೆದುಬಿಡೋಣ ಅಂತ ಕೂತಿದ್ದೇನೆ. ಕಿಟ್ ಮಾಡಿದ ಕಂಪನಿಯ ಹೆಸರು ಬರೆಯುತ್ತಿಲ್ಲ. ಈ ಬೆಲೆಯ ಕಿಟ್‌ಗಳಲ್ಲಿ ನೋಡಿಕೊಳ್ಳಬೇಕಾದ ಜಾಗಗಳು ಹೆಚ್ಚುಕಡಿಮೆ ಒಂದೇ.

ನನ್ನ ಅಜ್ಜನ ಹತ್ತಿರ ಒಂಟಿ ನಳಿಗೆಯ ಕೇಪಿನ ಕೋವಿ ಇತ್ತು. ತೀರ್ಥಹಳ್ಳಿ ಕಡೆ ಅಡಿಕೆ ತೋಟ, ಮಂಗ ಮತ್ತು ಹಂದಿ ಕಾಟ, ಅದಕ್ಕೆ ತೆಗೆದುಕೊಂಡ ಲೈಸೆನ್ಸು. ಪ್ರತಿ ಚುನಾವಣೆಗೂ ಅದನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋಗಿ ಪೊಲೀಸ್ ಠಾಣೆಗೆ ಕೊಟ್ಟು ಬರುತ್ತಿದ್ದರು. ಫಲಿತಾಂಶ ಬಂದ ಮೇಲೆ ಮತ್ತೆ ಹೋಗಿ ತರುತ್ತಿದ್ದರು. ನಮಗೆ ಮಕ್ಕಳಿಗೆ ಮುಟ್ಟಲು ಸಿಗುತ್ತಿದ್ದುದು ಗಜ ಮಾತ್ರ. ಅಜ್ಜ ಹೋದ ಮೇಲೆ ಲೈಸೆನ್ಸು ಯಾರ ಹೆಸರಿಗೂ ಆಗಲಿಲ್ಲ, ಕೋವಿ ಠಾಣೆಗೆ ಹೋಯಿತು. ಅದರ ಹಿಡಿಯ ಮರ ಅಜ್ಜನ ಕೆನ್ನೆ ತಾಗಿ ತಾಗಿ ಒಂದು ಕಡೆ ಕಪ್ಪಗೆ ಹೊಳೆಯುತ್ತಿತ್ತು. ಅಂಥದ್ದೊಂದನ್ನು ನನ್ನ ಕೈಯಿಂದ ಮಾಡಬೇಕು ಅನ್ನುವ ಆಸೆ ಆಗಲೇ ಹುಟ್ಟಿದ್ದು.

ಊರಿನಲ್ಲಿರುವ ಓದುಗರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಕೋವಿ ತಯಾರಿಸುವುದು ದೊಡ್ಡ ಅಪರಾಧ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಇದಕ್ಕೆ ಕನಿಷ್ಠ 7 ವರ್ಷ, ಜಾಸ್ತಿ ಅಂದರೆ ಜೀವಾವಧಿ ಶಿಕ್ಷೆ. ಕೇಪಿನ ಕೋವಿ ಹಳೇ ಕಾಲದ್ದು ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ. ಮುಂದೆ ಬರೆಯುವುದೆಲ್ಲ ಅಮೆರಿಕದ ಮಾತು.

ಅಮೆರಿಕದಲ್ಲೂ ನಾನು ಹತ್ತು ವರ್ಷಕ್ಕಿಂತ ಜಾಸ್ತಿ ಕಾಲ ಸುಮ್ಮನೇ ಇದ್ದೆ. ಕಾರಣ ಹೆಚ್-1ಬಿ ವೀಸಾ. ಇದು ನಮ್ಮವರಲ್ಲಿ ತುಂಬ ಜನಕ್ಕೆ ಗೊತ್ತೇ ಇಲ್ಲ. ಹೆಚ್-1ಬಿ, ಎಲ್-1, ಎಫ್-1, ಹೆಚ್-4 ತರಹದ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕಾಗಲಿ, ಅದರ ತೋಟಾ ಆಗಲಿ ಇಟ್ಟುಕೊಳ್ಳುವುದನ್ನು ಕೇಂದ್ರದ ಕಾನೂನು ನಿಷೇಧಿಸುತ್ತದೆ. ಅದಕ್ಕೆ ಕೆಲವೇ ವಿನಾಯಿತಿ, ಅದರಲ್ಲಿ ಮುಖ್ಯವಾದದ್ದು ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಗೆಳೆಯನ ಬಂದೂಕನ್ನು ಹಿಡಿದು ಫೋಟೋ ತೆಗೆಸಿಕೊಂಡು ಹಾಕುವ ಹುಡುಗರನ್ನು ನೋಡಿದರೆ ನನಗೆ ನಿಜಕ್ಕೂ ಎದೆ ಝಲ್ ಅನ್ನುತ್ತದೆ. ಗ್ರೀನ್ ಕಾರ್ಡ್ ಬಂದ ಮೇಲೆ ಆ ತಡೆ ಇರುವುದಿಲ್ಲ. ಆದರೆ ಇನ್ನೊಂದು ಹೆದರಿಕೆ ಉಳಿದೇ ಇರುತ್ತದೆ. ಬಂದೂಕಿಗೆ ಸಂಬಂಧಪಟ್ಟ ಅಪರಾಧದಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಹೊರಗೆ ಕಳಿಸಬಹುದು. ಇಲ್ಲೇ ಹುಟ್ಟಿದವನಿಗೆ ದಂಡ ಕಟ್ಟಿ ಮುಗಿಯುವ ತಪ್ಪು ನಮ್ಮಂಥವರ ಮನೆ, ಕೆಲಸ, ಮಕ್ಕಳ ಶಾಲೆ ಎಲ್ಲವನ್ನೂ ಅಲ್ಲಾಡಿಸಬಲ್ಲದು.

ನನಗೆ ಗ್ರೀನ್ ಕಾರ್ಡ್ ಬಂದಾಗ ಆಫೀಸಿನ ಗೆಳೆಯನೊಬ್ಬ ಬೇರೆಯೇ ಸಲಹೆ ಕೊಟ್ಟ. ಅರೆಬರೆ ತಯಾರಾದ ಪ್ಲಾಸ್ಟಿಕ್ ಚೌಕಟ್ಟು ಸಿಗುತ್ತದೆ, ಅದನ್ನು ತಂದು ಉಳಿದದ್ದನ್ನು ಮನೆಯಲ್ಲೇ ಮುಗಿಸಿಕೋ, ಪಿಸ್ತೂಲು ರೆಡಿ ಅಂದ. ಇಲ್ಲಿನವರು ಇದನ್ನು 80 ಪರ್ಸೆಂಟ್ ಕಿಟ್ ಅನ್ನುತ್ತಾರೆ. ಸೀರಿಯಲ್ ನಂಬರ್ ಇಲ್ಲದ ಕಾರಣಕ್ಕೆ ಪತ್ರಿಕೆಗಳಲ್ಲಿ ಅದಕ್ಕೆ ಘೋಸ್ಟ್ ಗನ್ ಅನ್ನುವ ಹೆಸರು. ನಾನು ಒಪ್ಪಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಬಂದೂಕು ಕಾನೂನು ಗೊತ್ತಿರುವ ಒಬ್ಬ ವಕೀಲರ ಹತ್ತಿರ ಅರ್ಧ ಗಂಟೆ ಸಮಯ ತೆಗೆದುಕೊಂಡೆ. 150 ಡಾಲರ್ ಆಯಿತು. ಈ ಇಡೀ ಕೆಲಸದಲ್ಲಿ ಅತ್ಯಂತ ಒಳ್ಳೆಯ ಖರ್ಚು ಅದೇ.

ಆಕೆ ಮೊದಲು ಕೇಳಿದ್ದು ನನ್ನ ಗ್ರೀನ್ ಕಾರ್ಡ್. ಅದನ್ನು ನೋಡಿದ ಮೇಲೆ ಹಳೇ ಕೇಸು ಏನಾದರೂ ಇದೆಯಾ, ಮನೆಯಲ್ಲಿ ಯಾರ ಮೇಲಾದರೂ ಇದೆಯಾ ಅಂತ ವಿಚಾರಿಸಿದರು. ಆಮೇಲೆ ವಿಷಯಕ್ಕೆ ಬಂದರು. ಕೇಂದ್ರದ ಕಾನೂನಿನ ಪ್ರಕಾರ, ಬಂದೂಕು ಇಟ್ಟುಕೊಳ್ಳಲು ಅಡ್ಡಿಯಿಲ್ಲದ ವ್ಯಕ್ತಿ ತನ್ನ ಸ್ವಂತ ಬಳಕೆಗೆ ಒಂದು ಸಾಮಾನ್ಯ ಬಂದೂಕು ಮಾಡಿಕೊಳ್ಳಬಹುದು, ಅದಕ್ಕೆ ಲೈಸೆನ್ಸ್ ಬೇಡ. ಮಾರಾಟಕ್ಕೆ ಅಂತ ಮಾಡಿದರೆ ತಯಾರಕರ ಲೈಸೆನ್ಸ್ ಬೇಕೇ ಬೇಕು. 16 ಇಂಚಿಗಿಂತ ಗಿಡ್ಡ ನಳಿಗೆಯ ರೈಫಲ್, 18 ಇಂಚಿಗಿಂತ ಗಿಡ್ಡ ನಳಿಗೆಯ ಶಾಟ್‌ಗನ್, ಸದ್ದಡಗಿಸುವ ಸೈಲೆನ್ಸರ್, ಇವೆಲ್ಲ 1934ರಿಂದಲೇ ಬೇರೆ ಕಾಯ್ದೆಯ ಕೆಳಗೆ ಬರುತ್ತವೆ. ಅವಕ್ಕೆ ಬಂದೂಕುಗಳ ಮೇಲೆ ನಿಗಾ ಇಡುವ ಕೇಂದ್ರದ ಇಲಾಖೆಯಾದ ಎಟಿಎಫ್‌ನಿಂದ ಮೊದಲೇ ಅನುಮತಿ ಪಡೆಯಬೇಕು. ಮೆಷಿನ್ ಗನ್ ವಿಷಯ ಎತ್ತಲೇ ಬೇಡಿ ಅಂದರು. ಲೋಹ ಪತ್ತೆ ಮಾಡುವ ಯಂತ್ರಕ್ಕೆ ಸಿಗದಂಥ ಬಂದೂಕು ಮಾಡುವುದನ್ನು 1988ರ ಇನ್ನೊಂದು ಕಾಯ್ದೆ ತಡೆಯುತ್ತದೆ.

80 ಪರ್ಸೆಂಟ್ ಕಿಟ್ ವಿಷಯಕ್ಕೆ ಬಂದಾಗ ಆಕೆ ಪೆನ್ನು ಕೆಳಗಿಟ್ಟರು. 2022ರಲ್ಲಿ ಎಟಿಎಫ್ ನಿಯಮ ಬದಲಾಯಿಸಿತು. ಸುಲಭವಾಗಿ ಬಂದೂಕಾಗಿ ಬದಲಾಗುವ ಕಿಟ್ ಕೂಡ ಬಂದೂಕೇ. ಅದಕ್ಕೆ ಸೀರಿಯಲ್ ನಂಬರ್ ಬೇಕು, ಮಾರುವವನಿಗೆ ಲೈಸೆನ್ಸ್ ಬೇಕು, ಕೊಳ್ಳುವವನ ಹಿನ್ನೆಲೆ ಪರಿಶೀಲನೆ ಆಗಬೇಕು. ಇದನ್ನು ಪ್ರಶ್ನಿಸಿ ಕೆಲವರು ಕೋರ್ಟಿಗೆ ಹೋದರು. 2025ರ ಮಾರ್ಚ್ 26ರಂದು ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಆ ನಿಯಮವನ್ನು ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಗೊರ್ಸಚ್. ಇದರ ಮೇಲೆ ರಾಜ್ಯಗಳ ಕಾನೂನು ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲಿ ಬಂದೂಕು ಮಾಡುವ ಮುಂಚೆಯೇ ಸರ್ಕಾರದಿಂದ ಸೀರಿಯಲ್ ನಂಬರ್ ತೆಗೆದುಕೊಳ್ಳಬೇಕು. ನ್ಯೂಜೆರ್ಸಿ, ನ್ಯೂಯಾರ್ಕ್, ವಾಷಿಂಗ್ಟನ್ ರಾಜ್ಯಗಳೂ ನಂಬರ್ ಇಲ್ಲದ ಬಂದೂಕಿನ ಮೇಲೆ ಕಟ್ಟುನಿಟ್ಟಾಗಿವೆ. ಒಂದು ರಾಜ್ಯದಲ್ಲಿ ನಡೆಯುವ ವಸ್ತುವನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು ನದಿ ದಾಟಿದರೆ ಪಕ್ಕದ ರಾಜ್ಯದಲ್ಲಿ ಅದು ಅಪರಾಧ.

ನನ್ನ ಅಭಿಪ್ರಾಯ ಕೇಳಿದರೆ ನಮ್ಮಂಥವರಿಗೆ ಆ ದಾರಿ ಬೇಡವೇ ಬೇಡ. ಬಂದೂಕು ಬೇಕಿದ್ದರೆ ಅಂಗಡಿಗೆ ಹೋಗಿ, ಫಾರಂ ತುಂಬಿ, ನಂಬರ್ ಇರುವುದನ್ನೇ ಕೊಳ್ಳಿ. ಕಳುವಾದರೆ ಪೊಲೀಸರಿಗೆ ಹೇಳಲು ಒಂದು ನಂಬರಾದರೂ ಇರುತ್ತದೆ. ನಂಬರ್ ಇಲ್ಲದ ಪಿಸ್ತೂಲು ಕಳುವಾಗಿ ಎಲ್ಲೋ ಯಾರ ಮೇಲೋ ಹಾರಿದರೆ, ಅದು ನಮ್ಮ ಕೈಯಿಂದ ಹುಟ್ಟಿದ್ದು ಅನ್ನುವುದು ನಮಗಂತೂ ಗೊತ್ತಿರುತ್ತದೆ, ಅಲ್ವಾ?

ಆಗ ನಾನು ಅಜ್ಜನ ಕೋವಿಯ ವಿಷಯ ಹೇಳಿದೆ. ಆಕೆಯ ಮುಖ ಸ್ವಲ್ಪ ಸಡಿಲವಾಯಿತು. ಹಾಗಿದ್ದರೆ ನಿಮಗೆ ಬೇಕಾಗಿರುವುದೇ ಬೇರೆ ಅಂದರು. 1968ರ ಬಂದೂಕು ನಿಯಂತ್ರಣ ಕಾಯ್ದೆಯಲ್ಲಿ ಪುರಾತನ ಬಂದೂಕು ಅನ್ನುವ ವಿಭಾಗವಿದೆ. 1898ರಲ್ಲಿ ಅಥವಾ ಅದಕ್ಕೂ ಮುಂಚೆ ತಯಾರಾದವು ಅದರಲ್ಲಿ ಬರುತ್ತವೆ. ಕಪ್ಪು ಮದ್ದಿನಿಂದ ಅಥವಾ ಅದರ ಬದಲಿ ಮದ್ದಿನಿಂದ ನಡೆಯುವ, ಬಾಯಿಯಿಂದ ತುಂಬುವ, ರೆಡಿ ತೋಟಾ ಹಾಕಲು ಆಗದ ಬಂದೂಕುಗಳು ಹೊಸದಾಗಿ ತಯಾರಾಗಿದ್ದರೂ ಅದರಲ್ಲೇ ಬರುತ್ತವೆ. ಕೇಂದ್ರದ ಆ ಕಾಯ್ದೆಯ ಲೆಕ್ಕದಲ್ಲಿ ಅವು ಬಂದೂಕೇ ಅಲ್ಲ. ಅದಕ್ಕೇ ನನ್ನ ಪಾರ್ಸೆಲ್ ಸೀದಾ ಮನೆ ಬಾಗಿಲಿಗೆ ಬಂದದ್ದು. ಆದರೆ ಹೊರಗಿನಿಂದ ಹಾಗೇ ಕಾಣುವ ಎಲ್ಲವೂ ಈ ವಿಭಾಗಕ್ಕೆ ಸೇರುವುದಿಲ್ಲ. ಈಗಿನ ಬಂದೂಕಿನ ಚೌಕಟ್ಟಿನ ಮೇಲೆ ಕಟ್ಟಿದ್ದು, ನಳಿಗೆ ಬದಲಿಸಿ ತೋಟಾ ಹಾಕಲು ಬರುವಂಥದ್ದು ಇವೆಲ್ಲ ಮಾಮೂಲಿ ಬಂದೂಕೇ.

ರಾಜ್ಯ ಇಲ್ಲೂ ಅಡ್ಡ ಬರುತ್ತದೆ. ನ್ಯೂಜೆರ್ಸಿಯಲ್ಲಿ ನಮ್ಮವರು ತುಂಬ ಜನ ಇದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ. ಅಲ್ಲಿ ಬಾಯಿಯಿಂದ ಮದ್ದು ತುಂಬುವ ರೈಫಲ್ ಕೊಳ್ಳಲೂ, ಬಂದೂಕು ಕೊಳ್ಳುವವರಿಗೆ ರಾಜ್ಯ ಕೊಡುವ ಗುರುತುಚೀಟಿ ಬೇಕು. ಎಡಿಸನ್‌ನಲ್ಲಿರುವ ನನ್ನ ಗೆಳೆಯನಿಗೆ ಇದೇ ಕಿಟ್ ಬೇಕಿತ್ತು. ಮೊದಲು ಗುರುತುಚೀಟಿಗೆ ಅರ್ಜಿ ಹಾಕು ಅಂದೆ. ತಾತ್ಕಾಲಿಕ ವೀಸಾದಲ್ಲಿರುವವರಿಗೆ ಕೇಂದ್ರದ ನಿಷೇಧ ಈ ಪುರಾತನ ವಿಭಾಗಕ್ಕೆ ಅನ್ವಯಿಸುವುದಿಲ್ಲ, ಆದರೆ ರಾಜ್ಯದ ಕಾನೂನು ಬೇರೆ ಇರಬಹುದು. ಹಾಗಾಗಿ ವಲಸೆ ವಕೀಲರನ್ನು ಕೇಳದೆ ಆರ್ಡರ್ ಮಾಡಬೇಡಿ.

ಈಗ ಕಿಟ್ ವಿಷಯ.

ಬೆಲೆ ಸಾಗಾಣಿಕೆ ಸೇರಿ 460 ಡಾಲರ್. 50 ಕ್ಯಾಲಿಬರ್, ಅಂದರೆ ನಳಿಗೆಯ ತೂತು ಅರ್ಧ ಇಂಚು. ಆಕಾರ ಕೆಂಟಕಿ ರೈಫಲ್‌ನದ್ದು. ಹೆಸರು ಕೆಂಟಕಿ ಆದರೂ ಇದರ ಹುಟ್ಟು ನಮ್ಮ ಪಕ್ಕದ ಲ್ಯಾಂಕಾಸ್ಟರ್ ಕಡೆಯೇ. 1700ರ ದಶಕಗಳಲ್ಲಿ ಇಲ್ಲಿಗೆ ಬಂದ ಜರ್ಮನ್ ಕಸುಬುದಾರರು ತಮ್ಮ ಗಿಡ್ಡ ಬೇಟೆ ರೈಫಲನ್ನು ಉದ್ದ ಮಾಡಿ, ತೂತು ಸಣ್ಣ ಮಾಡಿ, ಸೀಸ ಮತ್ತು ಮದ್ದು ಕಡಿಮೆ ಸಾಕಾಗುವ ಹಾಗೆ ಮಾಡಿದರು. ಅವು ಕಲ್ಲಿನ ಕಿಡಿಯಿಂದ ಹೊತ್ತಿಕೊಳ್ಳುವ ಕೋವಿಗಳು. ಕೇಪು ಬಂದದ್ದು ಆಮೇಲೆ, 1820ರ ನಂತರ. ನಜರೆತ್ ಹತ್ತಿರ ಜೇಕಬ್ಸ್‌ಬರ್ಗ್‌ನಲ್ಲಿ ಇದರದ್ದೇ ಒಂದು ಮ್ಯೂಸಿಯಂ ಇದೆ. ಕಿಟ್ ಆರ್ಡರ್ ಮಾಡುವ ಮುಂಚೆ ಒಂದು ಸಲ ಅಲ್ಲಿಗೆ ಹೋಗಿ ಬನ್ನಿ. ಹಳೇ ಮೇಪಲ್ ಮರದ ಗೆರೆಗಳನ್ನು ಕಣ್ಣಿಂದ ನೋಡಿದ ಮೇಲೆ, ಮರದ ಕೆಲಸ ಎಲ್ಲಿ ನಿಲ್ಲಿಸಬೇಕು ಅನ್ನುವುದು ನನಗೆ ಅರ್ಥವಾಯಿತು.

ನಮ್ಮ ಕಿಟ್‌ನಲ್ಲಿ ಮೇಪಲ್ ಇರುವುದಿಲ್ಲ, ಬೀಚ್ ಮರ. ಗಟ್ಟಿ, ಆದರೆ ಬಣ್ಣ ಸಪ್ಪೆ. ಅಪಾಯದ ಭಾಗಗಳೆಲ್ಲ ಕಾರ್ಖಾನೆಯಲ್ಲೇ ಮುಗಿದಿರುತ್ತವೆ. ನಳಿಗೆ ಪೂರ್ತಿ ತಯಾರಾಗಿ ಬಂದಿತ್ತು, ಹಿಂಬದಿಯ ಮುಚ್ಚಳ ಕೂರಿಸಿತ್ತು, ಲಾಕ್ ಅನ್ನುವ, ಕೇಪಿಗೆ ಬಡಿದು ಹಾರಿಸುವ ಭಾಗ ಕೂಡ ಜೋಡಿಸಿಯೇ ಇತ್ತು. ಅವನ್ನು ಬಿಚ್ಚಬೇಡಿ ಅಂತ ಪುಸ್ತಿಕೆಯಲ್ಲಿ ಬರೆದಿದ್ದಾರೆ, ನಾನೂ ಬಿಚ್ಚಲಿಲ್ಲ. ನಮ್ಮ ಪಾಲಿಗೆ ಬರುವುದು ಮರ, ಹಿತ್ತಾಳೆ, ಬಣ್ಣ. ಕೋವಿ ಕಟ್ಟುತ್ತೇನೆ ಅಂದುಕೊಂಡು ಕೂತವರು ನಿಜವಾಗಿ ಮಾಡುವುದು ಬಡಗಿಯ ಕೆಲಸ. ನನಗೆ ಅದೇ ಬೇಕಿತ್ತು.

ಪೆಟ್ಟಿಗೆಯ ಮೇಲೆ ಒಂದು ವಾರಾಂತ್ಯದಲ್ಲಿ ಮುಗಿಯುತ್ತದೆ ಅನ್ನುವ ಹಾಗೆ ಚಿತ್ರ ಹಾಕಿದ್ದಾರೆ. ಜೋಡಿಸಿ ನಿಲ್ಲಿಸಲು ಒಂದು ವಾರಾಂತ್ಯ ಸಾಕು, ನಿಜ. ಆದರೆ ಮರ ಮತ್ತು ಲೋಹ ಸೇರುವ ಜಾಗದಲ್ಲಿ ಉಗುರು ಹೋಗುವಷ್ಟು ಸಂದು ಉಳಿಯುತ್ತದೆ. ಅದು ಬೇಡ ಅನ್ನುವವರು ಎರಡು ತಿಂಗಳು ಇಟ್ಟುಕೊಳ್ಳಿ. ನಾನು ಮಾರ್ಚ್‌ನಲ್ಲಿ ಶುರು ಮಾಡಿ ಮೇ ಕೊನೆಗೆ ಮುಗಿಸಿದೆ. ದಿನಾ ರಾತ್ರಿ ಮಕ್ಕಳು ಮಲಗಿದ ಮೇಲೆ ಒಂದು ಗಂಟೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಂಡದ್ದು ನಳಿಗೆಯನ್ನು ಮರದ ಕಾಲುವೆಯಲ್ಲಿ ಕೂರಿಸುವುದು. ಕಾರ್ಖಾನೆಯಲ್ಲಿ ಯಂತ್ರದಿಂದ ಕೊರೆದ ಕಾಲುವೆ ಸುಮಾರಾಗಿ ಸರಿ ಇರುತ್ತದೆ, ಪೂರ್ತಿ ಸರಿ ಇರುವುದಿಲ್ಲ. ಎಲ್ಲಿ ತಾಗುತ್ತಿದೆ ಅಂತ ಕಂಡುಹಿಡಿಯಲು ಇಲ್ಲಿ ಕಪ್ಪು ಬಣ್ಣದ ಡಬ್ಬಿ ಮಾರುತ್ತಾರೆ. ಲೋಹಕ್ಕೆ ಹಚ್ಚಿ, ಮರದಲ್ಲಿ ಕೂರಿಸಿ, ಎತ್ತಿದರೆ ತಾಗಿದ ಜಾಗ ಕಪ್ಪಾಗುತ್ತದೆ. ಆ ಡಬ್ಬಿ ಬರುವುದು ತಡವಾಯಿತು. ಹಿಂದಿನ ಕಾಲದವರು ಇದಕ್ಕೆ ದೀಪದ ಮಸಿಯನ್ನೇ ಬಳಸುತ್ತಿದ್ದರಂತೆ. ನನ್ನ ಹೆಂಡತಿ ಕೇಳಿಸಿಕೊಂಡು, ಊರಿಂದ ಅತ್ತೆ ಕಳಿಸಿದ್ದ ಕಾಡಿಗೆ ಡಬ್ಬಿ ತಂದು ಮುಂದಿಟ್ಟಳು. ಹರಳೆಣ್ಣೆ ದೀಪದ ಮಸಿಯಲ್ಲಿ ಮಾಡಿದ ಕಾಡಿಗೆ. ಬೆರಳ ತುದಿಯಲ್ಲಿ ಚೂರೇ ಚೂರು ತೆಗೆದು ನಳಿಗೆಯ ಕೆಳಮುಖಕ್ಕೆ ಸವರಿದೆ. ಕೂರಿಸಿ, ಅಂಗೈಯಿಂದ ಮೆಲ್ಲಗೆ ತಟ್ಟಿ, ಎತ್ತಿದೆ. ಕಾಲುವೆಯಲ್ಲಿ ಮೂರೇ ಮೂರು ಕಪ್ಪು ಚುಕ್ಕೆ. ಅಷ್ಟು ಉದ್ದದ ನಳಿಗೆ ನಿಂತಿದ್ದುದು ಆ ಮೂರು ಚುಕ್ಕೆಯ ಮೇಲೆ. ಉಳಿಯಿಂದ ಚುಕ್ಕೆ ಇದ್ದಲ್ಲಿ ಮಾತ್ರ ಕಾಗದದ ದಪ್ಪ ಕೆರೆದು ಮತ್ತೆ ಕೂರಿಸಿದೆ. ಮೂರು ಹೋಗಿ ಐದಾಯಿತು, ಐದು ಹೋಗಿ ಹನ್ನೆರಡಾಯಿತು. ಒಂಬತ್ತನೇ ರಾತ್ರಿ ಎತ್ತಿದಾಗ ಇಡೀ ಕಾಲುವೆ ಒಂದೇ ಸಮ ಕಪ್ಪು. ಹೆಂಡತಿಯನ್ನು ಕರೆದು ತೋರಿಸಿದೆ. ಕಾಡಿಗೆ ಡಬ್ಬಿ ಮಾತ್ರ ಖಾಲಿಯಾಗಿತ್ತು, ಅತ್ತೆಗೆ ಫೋನ್ ಮಾಡಿ ಇನ್ನೊಂದು ಕೇಳಬೇಕಾಯಿತು.

ಮರಕ್ಕೆ 120ರ ಸ್ಯಾಂಡ್‌ಪೇಪರಿನಿಂದ ಶುರು ಮಾಡಿ 220, ಆಮೇಲೆ 320. ನಡುವೆ ಒಂದು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಲಗಿದ್ದ ಎಳೆಗಳೆಲ್ಲ ಮೇಲೆದ್ದು ಮರ ಒರಟಾಗುತ್ತದೆ. ಒಣಗಿದ ಮೇಲೆ ಮತ್ತೆ ಉಜ್ಜಬೇಕು. ಇದನ್ನು ಬಿಟ್ಟುಬಿಟ್ಟರೆ ಮೊದಲ ಮಳೆಗೆ ಹಿಡಿ ಗರಗಸದ ಹಾಗಾಗುತ್ತದೆ. ಹಿತ್ತಾಳೆಗೆ ಮೊದಲು ಅರ, ಆಮೇಲೆ ಸ್ಯಾಂಡ್‌ಪೇಪರ್. ಹಿಂಬದಿಯ ಹಿತ್ತಾಳೆ ತಟ್ಟೆ ಮರಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಬರುತ್ತದೆ. ಎರಡನ್ನೂ ಜೋಡಿಸಿಟ್ಟು ಒಟ್ಟಿಗೆ ಉಜ್ಜಿ ಸಮ ಮಾಡಿ, ಬೇರೆ ಬೇರೆ ಉಜ್ಜಿದರೆ ಆ ಅಂಚು ಯಾವತ್ತೂ ಸೇರುವುದಿಲ್ಲ.

ಬಣ್ಣ ಹಚ್ಚಿ, ಅದರ ಮೇಲೆ ಅಗಸೆ ಎಣ್ಣೆ ಎಂಟು ಸಲ. ಇಲ್ಲಿ ಒಂದು ಎಚ್ಚರಿಕೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನಾನು ಹಿತ್ತಲ ಬೇಲಿಯ ಮೇಲೆ ಒಂದೊಂದೇ ಹರಡಿ, ಗರಿಗರಿ ಆದ ಮೇಲೆ ಎಸೆಯುತ್ತಿದ್ದೆ. ಮನೆಯಲ್ಲಿ ಕೋವಿ ಕಟ್ಟುವಾಗ ಮದ್ದಿನ ಬಗ್ಗೆ ಎಲ್ಲರೂ ಹೆದರುತ್ತಾರೆ, ಈ ಬಟ್ಟೆಯ ವಿಷಯ ಪುಸ್ತಿಕೆಯಲ್ಲಿ ಒಂದು ಸಾಲೂ ಇರಲಿಲ್ಲ. ಇದು ಆ ಕಂಪನಿಯ ದೊಡ್ಡ ತಪ್ಪು ಅಂತಲೇ ನಾನು ಅಂದುಕೊಳ್ಳುತ್ತೇನೆ.

ನಳಿಗೆಗೆ ಕಂದು ಬಣ್ಣ ಕೊಟ್ಟೆ. ಇದು ಬಣ್ಣ ಬಳಿಯುವುದಲ್ಲ, ಬೇಕೆಂದೇ ತುಕ್ಕು ಹಿಡಿಸಿ, ಹದವಾಗಿ ನಿಲ್ಲಿಸುವುದು. ಅಂಗಡಿಯಲ್ಲಿ ಸಿಗುವ ದ್ರಾವಣ ಹಚ್ಚಿ, ತೇವದ ಗಾಳಿಯಲ್ಲಿ ಬಿಟ್ಟು, ತುಕ್ಕು ಬಂದ ಮೇಲೆ ಒರಟು ಬಟ್ಟೆಯಲ್ಲಿ ಉಜ್ಜಿ, ಮತ್ತೆ ಹಚ್ಚಬೇಕು. ಸಾಕು ಅನಿಸಿದಾಗ ಅಡಿಗೆ ಸೋಡಾ ನೀರಿನಲ್ಲಿ ತೊಳೆದು ಎಣ್ಣೆ ಸವರಿದರೆ ನಿಲ್ಲುತ್ತದೆ. ಎಣ್ಣೆ ಜಿಡ್ಡಿನ ಬೆರಳು ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ, ಕೈಗವಸು ಹಾಕಿಕೊಳ್ಳಿ.

ಕಿಟ್‌ನ ಕೊರತೆ ಹೇಳಬೇಕು. ಸ್ಕ್ರೂಗಳು ಮೆತ್ತಗಿವೆ. ಹಿಂಬದಿ ತಟ್ಟೆಯ ಸ್ಕ್ರೂ ತಲೆ ಮೂರನೇ ಸುತ್ತಿಗೇ ಕಿತ್ತುಹೋಯಿತು. ಟ್ರಿಗರ್ ಸುತ್ತಲಿನ ಹಿತ್ತಾಳೆ ಬಳೆಯ ತೂತು ಮರದ ತೂತಿಗೆ ಹೊಂದಲಿಲ್ಲ, ಒಂದು ಮಿಲಿಮೀಟರ್ ಆಚೆ. ಮರದ ಕಡ್ಡಿ ಅಂಟಿಸಿ ತೂತು ಮುಚ್ಚಿ ಹೊಸದಾಗಿ ಕೊರೆಯಬೇಕಾಯಿತು. ಮರ ಎರಡು ತುಂಡಾಗಿರುವುದು ಇನ್ನೊಂದು ಬೇಸರ. ನಡುವೆ ಹಿತ್ತಾಳೆ ಪಟ್ಟಿ ಬರುತ್ತದೆ, ಹಳೇ ಕೋವಿಗಳಲ್ಲಿ ಅದು ಇರಲಿಲ್ಲ. ಒಂದೇ ಮರದ ಕಿಟ್ ಬೇಕಾದರೆ ಬೆಲೆ ಎರಡು ಪಟ್ಟಿಗೂ ಜಾಸ್ತಿ. ಪುಸ್ತಿಕೆಯ ಚಿತ್ರಗಳು ಮಸುಕು. ಇಷ್ಟಾದರೂ ಸ್ಕ್ರೂ ವಿಷಯ ಬರೆದ ಮೂರನೇ ದಿನಕ್ಕೆ ಕಂಪನಿಯವರು ಹೊಸ ಸ್ಕ್ರೂಗಳ ಚೀಲ ಕಳಿಸಿದರು, ದುಡ್ಡು ಕೇಳಲಿಲ್ಲ.

ಮನೆಯಲ್ಲಿ ಕಟ್ಟಿದ್ದನ್ನು ಸೀದಾ ಹೋಗಿ ಹಾರಿಸಬೇಡಿ. ನಮ್ಮ ಕಡೆಯ ಶೂಟಿಂಗ್ ಕ್ಲಬ್ಬಿನಲ್ಲಿ ನಲವತ್ತು ವರ್ಷದಿಂದ ಇಂಥವನ್ನೇ ರಿಪೇರಿ ಮಾಡುತ್ತಿರುವ ಒಬ್ಬ ಹಿರಿಯರಿದ್ದಾರೆ. ಅವರಿಗೆ ತೋರಿಸಿದೆ. ಅವರು ಮೊದಲು ಗಜ ತೆಗೆದುಕೊಂಡು ನಳಿಗೆಯೊಳಗೆ ತಳದವರೆಗೆ ಬಿಟ್ಟು, ಬಾಯಿಯ ಮಟ್ಟಕ್ಕೆ ಒಂದು ಗೆರೆ ಕೊರೆದರು. ಗೆರೆ ಬಾಯಿಗೆ ಸಮ ನಿಂತರೆ ಕೋವಿ ಖಾಲಿ. ಗೆರೆ ಮೇಲೆ ಉಳಿದರೆ ಒಳಗೆ ಈಡು ಇದೆ. ಈ ತರಹದ ಕೋವಿಯಲ್ಲಿ ಆಗುವ ದೊಡ್ಡ ಅನಾಹುತ ಅಂದರೆ ತುಂಬಿದ್ದು ಮರೆತು ಮತ್ತೆ ತುಂಬುವುದು. ಆಮೇಲೆ ಕುದುರೆಯನ್ನು, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆಯಂಥ ಭಾಗವನ್ನು, ಅರ್ಧ ಎಳೆದು, ಟ್ರಿಗರ್ ಒತ್ತಿ, ಜಾರುತ್ತದಾ ಅಂತ ಹತ್ತು ಸಲ ನೋಡಿದರು. ಕೇಪು ಕೂರುವ ನಿಪ್ಪಲ್ ಬಿಚ್ಚಿ ನೋಡಿ, ಸರಿ ಇದೆ ಅಂದರು. ಇಪ್ಪತ್ತು ನಿಮಿಷದ ಆ ಕೆಲಸಕ್ಕೆ ದುಡ್ಡು ಬೇಡ ಅಂದರು. ನಾನು ಮುಂದಿನ ವಾರ ಚಕ್ಕುಲಿ ತೆಗೆದುಕೊಂಡು ಹೋದೆ.

ಮದ್ದಿನ ವಿಷಯದಲ್ಲಿ ಒಂದೇ ಒಂದು ಮಾತು ಯಾವತ್ತೂ ಮರೆಯಬಾರದು. ಇದಕ್ಕೆ ಕಪ್ಪು ಮದ್ದು ಅಥವಾ ಅದರ ಬದಲಿಗೆ ಅಂತಲೇ ಮಾಡಿದ ಪೈರೋಡೆಕ್ಸ್ ತರಹದ್ದು ಮಾತ್ರ. ಈಗಿನ ತೋಟಾಗಳಲ್ಲಿ ಇರುವ ಹೊಗೆರಹಿತ ಮದ್ದು ಚಿಟಿಕೆ ಹಾಕಿದರೂ ನಳಿಗೆ ಒಡೆದು ಮುಖಕ್ಕೆ ಬರಬಹುದು. ಅಳತೆ ಕಿಟ್‌ನ ಪುಸ್ತಿಕೆಯಲ್ಲಿ ಬರೆದಿರುವುದಕ್ಕಿಂತ ಜಾಸ್ತಿ ಬೇಡ. ಮದ್ದಿನ ಡಬ್ಬಿಯಿಂದ ಸೀದಾ ನಳಿಗೆಗೆ ಸುರಿಯಬೇಡಿ, ಒಳಗೆ ಒಂದು ಕಿಡಿ ಉಳಿದಿದ್ದರೆ ಇಡೀ ಡಬ್ಬಿ ಕೈಯಲ್ಲೇ ಹೋಗುತ್ತದೆ. ಸಣ್ಣ ಅಳತೆ ಬಟ್ಟಲಿಗೆ ಹಾಕಿಕೊಂಡು ಸುರಿಯಿರಿ. ವಿಮಾನದಲ್ಲಿ ಕಪ್ಪು ಮದ್ದು, ಕೇಪು ಎರಡನ್ನೂ ಯಾವ ಬ್ಯಾಗಿನಲ್ಲೂ ಒಯ್ಯುವ ಹಾಗಿಲ್ಲ.

ಮೊದಲ ಈಡು ಹಾರಿದಾಗ ಹೆಗಲಿಗೆ ಒದೆತ ಅಷ್ಟೇನೂ ಬರಲಿಲ್ಲ. ಮೆಲ್ಲಗೆ ತಳ್ಳಿದ ಹಾಗೆ ಅನಿಸಿತು. ಹೊಗೆ ಮಾತ್ರ ಗುರಿಯನ್ನೇ ಮುಚ್ಚಿತು. ಗಂಧಕದ ಆ ವಾಸನೆ ಮೂಗಿಗೆ ಬಡಿದಾಗ ನಾನು ತೋಟದ ಅಂಚಿನಲ್ಲಿ ನಿಂತಿದ್ದೆ, ಅಜ್ಜ ಮಂಗ ಓಡಿಸಲು ಬರೀ ಮದ್ದು ಹಾಕಿ ಹಾರಿಸಿದ್ದರು. ಹೊಗೆ ಹೋದ ಮೇಲೆ ನೋಡಿದರೆ 50 ಗಜ ದೂರದ ಕಾಗದದಲ್ಲಿ ಗುಂಡು ಎಡಕ್ಕೆ ನಾಲ್ಕು ಇಂಚು ಹೋಗಿತ್ತು. ನಳಿಗೆಯ ಮೇಲೆ ಗುರಿ ನೋಡುವ ಗುಬಟನ್ನು ಸ್ವಲ್ಪ ಸರಿಸಿದ ಮೇಲೆ ಐದು ಗುಂಡು ಒಂದು ಅಂಗೈ ಅಗಲದಲ್ಲಿ ಬಿದ್ದವು. ಈ ಬೆಲೆಗೆ, ಈ ಸಾಧಾರಣ ನಳಿಗೆಗೆ, ನನಗೆ ತುಂಬ ಸಂತೋಷ.

ಹಾರಿಸಿದ ದಿನವೇ ತೊಳೆಯಬೇಕು. ಕಪ್ಪು ಮದ್ದಿನ ಮಸಿ ಗಾಳಿಯ ತೇವ ಹೀರಿ ಒಂದೇ ರಾತ್ರಿಯಲ್ಲಿ ಉಕ್ಕು ತಿನ್ನುತ್ತದೆ. ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಆಮೇಲೆ ಒಣಬಟ್ಟೆ, ಕೊನೆಗೆ ಎಣ್ಣೆ. ಎಷ್ಟೇ ಸುಸ್ತಾಗಿದ್ದರೂ ಮಲಗುವ ಮುಂಚೆ ಈ ಕೆಲಸ ಮುಗಿಸುತ್ತೇನೆ.

ಕಿಟ್ 460, ವಕೀಲರಿಗೆ 150, ಉಳಿ, ಸ್ಯಾಂಡ್‌ಪೇಪರ್, ಎಣ್ಣೆ, ದ್ರಾವಣಕ್ಕೆ 110, ಮದ್ದು, ಕೇಪು, ಸೀಸದ ಗುಂಡಿಗೆ 90, ಬೀಗದ ಉಕ್ಕಿನ ಬೀರುಗೆ 180. ಒಟ್ಟು 990 ಡಾಲರ್. ಬೀರು ಕೇಳಿದ್ದು ಹೆಂಡತಿ. ಮಕ್ಕಳಿರುವ ಮನೆ ರೀ, ಕಾನೂನು ಇದನ್ನು ಬಂದೂಕು ಅನ್ನದಿದ್ದರೂ ಗುಂಡು ಗುಂಡೇ ಅಲ್ವಾ ಅಂದಳು. ಅವಳ ಮಾತು ಸರಿ. ಕೋವಿ ಬೀರುವಿನಲ್ಲಿ, ಮದ್ದು ಮತ್ತು ಕೇಪು ಬೇರೆ ಬೇರೆ ಜಾಗದಲ್ಲಿ ಬೀಗ ಹಾಕಿ ಇಟ್ಟಿದ್ದೇವೆ.

ಬೇಟೆಗೆ ಅಂತ ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್ಮಸ್ ಆದ ಮಾರನೇ ದಿನ ಶುರುವಾಗುವ ಜಿಂಕೆ ಬೇಟೆಗೆ ಕಲ್ಲಿನ ಕಿಡಿಯ ಕೋವಿ ಮಾತ್ರ ನಡೆಯುತ್ತದೆ. ಕೇಪಿನದ್ದು ಆಗ ಬರುವುದಿಲ್ಲ. ನಾನು ಬೇಟೆ ಆಡುವುದಿಲ್ಲ, ನನಗೆ ಕಾಗದದ ಗುರಿ ಸಾಕು, ಅದಕ್ಕೇ ಕೇಪಿನದ್ದನ್ನೇ ಆರಿಸಿದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಮೆತ್ತನೆ ಸ್ಕ್ರೂಗಳಿಗೂ, ಪುಸ್ತಿಕೆಯಲ್ಲಿ ಇಲ್ಲದ ಆ ಎಣ್ಣೆ ಬಟ್ಟೆಯ ಸಾಲಿಗೂ.

ಮುಗಿದ ದಿನ ಅಪ್ಪನಿಗೆ ವಿಡಿಯೋ ಕರೆ ಮಾಡಿ ತೋರಿಸಿದೆ. ಮರದ ಬಣ್ಣ, ಹಿತ್ತಾಳೆ ಹೊಳಪು ಯಾವುದನ್ನೂ ಅಪ್ಪ ಕೇಳಲಿಲ್ಲ. ಕನ್ನಡಕ ಸರಿ ಮಾಡಿಕೊಂಡು ಸ್ವಲ್ಪ ಹೊತ್ತು ನೋಡಿ, "ಖಾಲಿ ಇದೆಯೇನೋ?" ಅಂದರು. ನಾನು ಗಜ ತೆಗೆದು ನಳಿಗೆಯೊಳಗೆ ಬಿಟ್ಟೆ. ಗೆರೆ ಬಾಯಿಗೆ ಸಮ ನಿಂತಿತು. ಫೋನನ್ನು ಹತ್ತಿರ ಹಿಡಿದು ಅದನ್ನು ತೋರಿಸಿದೆ. "ಹಾಂ, ಈಗ ತಿರುಗಿಸು, ಹಿಡಿ ನೋಡೋಣ" ಅಂದರು.